ಸದ್ದಿಲ್ಲದೆ ಸೀಳಿದ ಕುಂಬಳಕಾಯಿ

ಆ ಮಧ್ಯಾಹ್ನ ನಿಜವಾಗಿ ಏನು ನಡೆಯಿತೆಂದು ನನಗೆ ಖಚಿತವಿಲ್ಲ. ಇದನ್ನು ಮೊದಲೇ ಹೇಳಿಬಿಡಬೇಕು, ಯಾಕೆಂದರೆ ಈ ಪ್ರಸಂಗವನ್ನು ನಾನು ಕಡಿಮೆಯೆಂದರೂ ಇಪ್ಪತ್ತು ಸಲ ಬೇರೆಬೇರೆಯವರಿಗೆ ಹೇಳಿದ್ದೇನೆ, ಒಮ್ಮೆಯೂ ತಡವರಿಸದೆ. ಹೇಳಿ ಹೇಳಿ ಅದು ಹೊಳೆಯ ಕಲ್ಲಿನಂತೆ ನುಣ್ಣಗಾಗಿದೆ. ನಡೆದ ಸಂಗತಿಗಳು ಇಷ್ಟು ನುಣ್ಣಗಿರುವುದಿಲ್ಲ.

ಕಣ್ಣು ಮುಚ್ಚಿದರೆ ಇಷ್ಟು ಕಾಣುತ್ತದೆ. ಮಳೆಗಾಲದ ಮಧ್ಯಾಹ್ನ, ಅಡುಗೆಮನೆಯ ಕಿಟಕಿಯಿಂದ ತೊಳೆದ ಹಾಲಿನ ಪಾತ್ರೆಯ ನೀರಿನಂಥ ಬೆಳಕು. ನೆಲದ ಮೇಲೆ ಒಬ್ಬ ಹೆಣ್ಣುಮಗಳು ಕೂತಿದ್ದಾಳೆ. ಅವಳ ಎರಡು ಮೊಣಕಾಲುಗಳ ನಡುವೆ ಹಳೆಯ ಸೀರೆಯ ಬಟ್ಟೆ ಸುತ್ತಿದ ಕುಂಬಳಕಾಯಿ. ಅವಳ ಕೈಯ ಕುಡಗೋಲು ಇಳಿಯುತ್ತದೆ. ಕಾಯಿ ಎರಡು ಹೋಳಾಗಿ ಅತ್ತ ಇತ್ತ ಒರಗುತ್ತದೆ, ನಿದ್ದೆಯಲ್ಲಿ ಮಗ್ಗುಲು ಬದಲಿಸಿದ ಹಾಗೆ. ಒಳಗಿನ ಕೇಸರಿ ಬಣ್ಣಕ್ಕೆ ಇಡೀ ಅಡುಗೆಮನೆ ಒಂದು ಕ್ಷಣ ಬೆಳಗುತ್ತದೆ. ಅಷ್ಟೇ. ಕನಸಿನಲ್ಲಿ ಆಗುವಂತೆ, ಯಾವುದಕ್ಕೂ ಸದ್ದಿಲ್ಲ.

ನಮ್ಮ ಮನೆ ತೆಲುಗು ನಾಡಿನ ಈ ಮಹಾನಗರದ ತಾರ್ನಾಕದಲ್ಲಿ, ಎರಡನೇ ಮಹಡಿಯಲ್ಲಿ. ಹಿಂದಿನ ಕಿಟಕಿಗೆ ವಿಶ್ವವಿದ್ಯಾಲಯದ ಮರಗಳು, ಮುಂದಿನ ಬಾಲ್ಕನಿಗೆ ರಸ್ತೆ. ಆ ಮರಗಳ ನಡುವೆ ತತ್ವಶಾಸ್ತ್ರ ಓದಲು ಗದಗದ ಕಡೆಯಿಂದ ಬಂದವನು ನಾನು. ಓದು ಮುಗಿದ ಮೇಲೂ ಊರು ಬಿಡಲಿಲ್ಲ. ಈಗ ಪಠ್ಯಪುಸ್ತಕಗಳ ಕರಡು ತಿದ್ದುತ್ತೇನೆ, ಮನೆಯಲ್ಲೇ. ಹತ್ತು ನಿಮಿಷ ಒಂದು ಕಡೆ ಕೂರಲಾರದ ಸ್ವಭಾವ. ಕರಡಿನ ಹಾಳೆ ಕೈಯಲ್ಲಿ ಹಿಡಿದು ಅಡುಗೆಮನೆಯಿಂದ ಬಾಲ್ಕನಿಗೆ, ಬಾಲ್ಕನಿಯಿಂದ ಅಡುಗೆಮನೆಗೆ ತಿರುಗುತ್ತಲೇ ಇರುತ್ತೇನೆ. ಹೀಗಾಗಿ ಎದುರಿನ ಖಾಲಿ ಜಾಗದಲ್ಲಿ ಒಂದು ಅಪಾರ್ಟ್‌ಮೆಂಟ್ ಎದ್ದದ್ದನ್ನು ಪಾಯದಿಂದ ಕೊನೆಯ ಸ್ಲ್ಯಾಬಿನವರೆಗೆ ನೋಡಿದವನು ನಾನೊಬ್ಬನೇ ಇರಬೇಕು.

ಅಲ್ಲಿ ಕೆಲಸಕ್ಕಿದ್ದ ಯಾದಗಿರಿ ಕಡೆಯ ಗಂಡ ಹೆಂಡತಿ ಕಟ್ಟಡದ ಪಕ್ಕದ ತಗಡಿನ ಶೆಡ್ಡಿನಲ್ಲಿದ್ದರು. ಅವರ ಊರು ನನಗೆ ಗೊತ್ತಾದದ್ದು ಆಕೆ ನಾಯಿಯನ್ನು ಬೈದದ್ದರಿಂದ. ಒಂದು ಬೆಳಿಗ್ಗೆ ರಸ್ತೆಯ ನಡುವೆ ನಿಂತಿದ್ದ ಕಂದು ನಾಯಿಗೆ ಆಕೆ ಕೂಗಿ ಹೇಳಿದಳು: "ಅಲ್ಲ್ಯಾಕ್ ನಿಂತೀ? ನಿಮ್ಮಪ್ಪನ ಮದಿವಿ ನಡದೈತೇನ್ ಅಲ್ಲಿ?" ನಾನು ಬಾಲ್ಕನಿಯಲ್ಲಿ ಒಬ್ಬನೇ ನಕ್ಕೆ. ಹೊರಗೆಲ್ಲ ತೆಲುಗು, ಹಿಂದಿ. ಮನೆಯಲ್ಲಿ ನನ್ನ ಹೆಂಡತಿಯದು ಮೈಸೂರಿನ ಕನ್ನಡ. ನನ್ನ ಅಜ್ಜಿಯ ಬಾಯಿಯ ಬೈಗುಳ ಕೇಳಿ ಎಷ್ಟೋ ವರ್ಷವಾಗಿತ್ತು.

ಮರುದಿನ ಗೇಟಿನ ಹತ್ತಿರ ಸಿಕ್ಕಾಗ ನಾಯಿಯ ಹೆಸರೇನೆಂದು ಕೇಳಿದೆ.

"ನಾಯಿಗೇನ್ ಹೆಸರ್ರಿ ಸರ್ರ? ಕರದ್ರ ಬರತೈತಿ," ಅಂದಳು.

ಒಂದು ಕಿವಿ ಮಡಚಿಕೊಂಡಿದ್ದ ಹೆಣ್ಣು ನಾಯಿ. ಮೂರು ಸೈಟುಗಳಿಂದ ಅವರ ಜೊತೆಗಿತ್ತಂತೆ. ಗಂಡನಿಗೆ ಕಾಂಕ್ರೀಟಿನ ಕೆಲಸವಿದ್ದಾಗ ಅವನು ಬೆಳತನಕ ಬರುತ್ತಿರಲಿಲ್ಲ. ಶೆಡ್ಡಿಗೆ ಬಾಗಿಲೆಂದರೆ ಒಂದು ತಗಡು, ಅದಕ್ಕೆ ಚಿಲಕವಿರಲಿಲ್ಲ. "ಅದು ಬಾಗಲಿಗಿ ಅಡ್ಡ ಮಲಗಿದ್ರನ ನನಗ ಕಣ್ಣು ಹತ್ತತಾವ್ರಿ," ಎಂದು ಆಕೆ ನನ್ನ ಹೆಂಡತಿಗೆ ಹೇಳಿದ್ದಳು. ಅವಳ ಒಬ್ಬನೇ ಮಗ ಊರಿನಲ್ಲಿ ಅಜ್ಜಿಯ ಹತ್ತಿರ ಇದ್ದು ಶಾಲೆಗೆ ಹೋಗುತ್ತಿದ್ದ. ಅವನ ಸುದ್ದಿ ಬಂದಾಗಲೆಲ್ಲ ಅವಳ ದನಿ ಸಣ್ಣದಾಗುತ್ತಿತ್ತು.

ಆ ಶೆಡ್ಡಿನ ಪಕ್ಕದಲ್ಲಿ ಒಂದು ಕುಂಬಳಬಳ್ಳಿ ತಾನಾಗಿ ಹುಟ್ಟಿತ್ತು. ಯಾವಾಗಲೋ ಅಡುಗೆ ಮಾಡಿ ಚೆಲ್ಲಿದ ಬೀಜವಿರಬೇಕು. ಸಿಮೆಂಟು ಗಟ್ಟಿಯಾಗಲೆಂದು ಗೋಡೆಗಳಿಗೆ ಹಾಕಿದ ನೀರೆಲ್ಲ ಹರಿದು ಅದರ ಬುಡಕ್ಕೇ ಬರುತ್ತಿತ್ತು. ಬಳ್ಳಿ ಡ್ರಮ್ಮು ಹತ್ತಿ, ತಗಡು ಹತ್ತಿ, ಮಾಡಿನ ಮೇಲೆ ಕೈಕಾಲು ಚಾಚಿ ಮಲಗಿತ್ತು. ಹೂವು ಬಹಳ, ಕಾಯಿ ನಿಂತದ್ದು ಒಂದೇ. ಮಳೆಯ ಹನಿಯಲ್ಲಿ, ಸಿಮೆಂಟಿನ ದೂಳಿನಲ್ಲಿ ಅದು ದಿನದಿನ ದಪ್ಪವಾಗಿ, ಹಸಿರು ಹೋಗಿ ಮಣ್ಣಿನ ಬಣ್ಣಕ್ಕೆ ತಿರುಗುವುದನ್ನು ನಾನು ಕರಡು ತಿದ್ದುತ್ತ ನೋಡುತ್ತಿದ್ದೆ. ಕಟ್ಟಡಕ್ಕಿಂತ ಅದರ ಕೆಲಸವೇ ಅಚ್ಚುಕಟ್ಟಾಗಿ ನಡೆದಿದೆ ಅನ್ನಿಸುತ್ತಿತ್ತು.

ಇಷ್ಟರಲ್ಲಿ ಇಲ್ಲಿನ ಕೆಲಸ ಮುಗಿಯುತ್ತ ಬಂತು. ನಗರದ ಇನ್ನೊಂದು ತುದಿಯ ಮಿಯಾಪುರದಲ್ಲಿ ಹೊಸ ಸೈಟು. ಶೆಡ್ಡು ಹಾಕಲು ಗಂಡ ಮುಂಚಿತವಾಗಿ ಅಲ್ಲಿಗೆ ಹೋದ. ಆಕೆಯನ್ನೂ ಸಾಮಾನನ್ನೂ ಒಯ್ಯಲು ಎಂಟು ದಿನದಲ್ಲಿ ಲಾರಿ ಬರುವುದಿತ್ತು. ಸರಿಯಾಗಿ ಆಗಲೇ ನಾಯಿ ಅನ್ನ ಬಿಟ್ಟಿತು. ಹೊಟ್ಟೆ ಕೆಟ್ಟು, ನಿತ್ರಾಣವಾಗಿ, ಮರಳಿನ ಗುಡ್ಡೆಯ ಮೇಲೆ ಮಡಚಿಟ್ಟ ಗೋಣಿಚೀಲದಂತೆ ಬಿದ್ದುಕೊಂಡಿತು. ಮೇಸ್ತ್ರಿ ಬಂದು ನೋಡಿ, ನಿಂತರೆ ಹತ್ತಿಸು, ನಿಲ್ಲದಿದ್ದರೆ ಇಲ್ಲೇ ಬಿಡು, ಲಾರಿಯಲ್ಲಿ ಕಾಯಿಲೆ ನಾಯಿ ಬೇಡ ಎಂದು ತೆಲುಗಿನಲ್ಲಿ ಹೇಳಿ ಹೋದನಂತೆ.

ಆಕೆ ಅದನ್ನು ಸಿಮೆಂಟಿನ ತಳ್ಳುಗಾಡಿಯಲ್ಲಿ ಹಾಕಿಕೊಂಡು ಪಶು ಆಸ್ಪತ್ರೆಗೆ ಹೋಗಿ ಬಂದಳು. ಡಾಕ್ಟರು ಮಾತ್ರೆ ಕೊಟ್ಟು, ಬೇಯಿಸಿದ ಸಿಹಿಗುಂಬಳ ಸ್ವಲ್ಪ ಸ್ವಲ್ಪ ತಿನ್ನಿಸಲು ಹೇಳಿದ್ದರು. ಹೊಟ್ಟೆಗೆ ಒಳ್ಳೆಯದು, ಮಾತ್ರೆಯನ್ನೂ ಅದರೊಳಗೆ ಅಡಗಿಸಿ ಕೊಡಬಹುದು ಎಂದು.

ಆವತ್ತೇ ಅವಳು ನಮ್ಮ ಮನೆಗೆ ಬಂದದ್ದು. ಬಾಗಿಲ ಹೊರಗೆ ನಿಂತು, ಸೆರಗಿನಿಂದ ಮುಖದ ಮಳೆನೀರು ಒರೆಸಿಕೊಂಡು, ಎರಡು ಮಾತು ಕೇಳಿದಳು. ಒಂದು, ಕಟ್ಟಿಗೆ ಎಲ್ಲ ತೊಯ್ದಿದೆ, ನಿಮ್ಮ ಗ್ಯಾಸಿನ ಮೇಲೆ ಕಾಯಿ ಬೇಯಿಸಿಕೊಳ್ಳಲೇ. ಎರಡು, "ಸರ್ರ, ನೀವು ಸ್ವಲ್ಪ ಬಂದು ಕಾಯಿಗೆ ಮೊದಲ ಕುಡಗೋಲ ಹಾಕ್ರಿ."

"ಯಾಕೆ? ನಿನಗೆ ಬರೂದಿಲ್ಲೇನು?"

"ಬರೂದಿಲ್ಲೇನ್ರಿ, ಕಬ್ಬಿಣ ಕೊಯ್ಯಾಕಿ ನಾ. ಇಡೀ ಕುಂಬಳಕಾಯಿಗಿ ಹೆಣ್ಮಕ್ಕಳು ಮೊದಲ ಹಾಕಬಾರದ್ರಿ. ಕಾಯಿ ಅಂದ್ರ ಹಿರೀ ಮಗ ಇದ್ದಂಗ. ಗಂಡಸರು ಒಂದ್ ಸೀಳ್ ಹಾಕಿಕೊಟ್ರ ಮುಂದಿಂದು ನಾ ಮಾಡ್ಕೋತೀನಿ."

ನನಗೆ ಈ ಪದ್ಧತಿ ಗೊತ್ತಿಲ್ಲದ್ದೇನಲ್ಲ. ನಮ್ಮ ಮನೆಯಲ್ಲೂ ಇತ್ತು. ಅಪ್ಪ ಊರಲ್ಲಿಲ್ಲದ ದಿನ ಅವ್ವ ಇಡೀ ಕುಂಬಳಕಾಯಿಯನ್ನು ಎತ್ತಿ ಮೂಲೆಗಿಟ್ಟು ಬದನೆಕಾಯಿ ಪಲ್ಯ ಮಾಡುತ್ತಿದ್ದಳು. ಗೊತ್ತಿದ್ದದ್ದಕ್ಕೇ ನನಗೆ ಸಿಟ್ಟು ಬಂದಿರಬೇಕು. ಒಂದು ಸೀಳು ಹಾಕಿ ಕೊಟ್ಟಿದ್ದರೆ ಅರ್ಧ ನಿಮಿಷದ ಕೆಲಸ. ನಾನು ಕೊಡಲಿಲ್ಲ. ಬಾಗಿಲಲ್ಲೇ ನಿಂತು ಆಕೆಗೆ ತಿಳಿಹೇಳಲು ಶುರು ಮಾಡಿದೆ. ಕಾಯಿಗೂ ಮಗನಿಗೂ ಏನು ಸಂಬಂಧ? ಊರಿನಲ್ಲಿರುವ ಮಗನಿಗೆ ಇಲ್ಲಿ ಕೊಯ್ದದ್ದು ಹೇಗೆ ತಿಳಿಯುತ್ತದೆ? ಯಾರಾದರೂ ಒಮ್ಮೆಯಾದರೂ ಪರೀಕ್ಷೆ ಮಾಡಿ ನೋಡಿದ್ದಾರೆಯೇ?

"ಪರೀಕ್ಷಾ ನನ್ನ ಮಗನ ಮ್ಯಾಲ ಯಾಕ್ರಿ?" ಅಂದಳು. "ನಿಮ್ಮ ಮನಿಯಾಗ ಮಾಡ್ರಿ."

ಒಳಗಿನಿಂದ ನನ್ನ ಹೆಂಡತಿ ನಕ್ಕದ್ದು ಕೇಳಿಸಿತು. ಅದು ನನ್ನನ್ನು ಇನ್ನಷ್ಟು ಬಿಗಿ ಮಾಡಿತು. ಆಗ ನಾನು ಒಂದು ಷರತ್ತು ಹಾಕಿದೆ. ಈ ಭಾಗವನ್ನು ಬೇರೆಯವರಿಗೆ ಹೇಳುವಾಗ ನಾನು ಯಾವಾಗಲೂ ಸ್ವಲ್ಪ ಮೆತ್ತಗೆ ಹೇಳಿದ್ದೇನೆ. ಇಲ್ಲಿ ಇದ್ದಹಾಗೆ ಬರೆಯುತ್ತೇನೆ. "ಗ್ಯಾಸು, ಪಾತ್ರೆ, ಅಡುಗೆಮನೆ ಎಲ್ಲಾ ನಿಂದೇ. ಆದ್ರೆ ಕಾಯಿ ನೀನೇ ಕೊಯ್ಯಬೇಕು, ನನ್ನ ಮುಂದೆ. ಇಲ್ಲಂದ್ರೆ ಇಲ್ಲ," ಅಂದೆ.

ಆಕೆ ನನ್ನನ್ನು ಸ್ವಲ್ಪ ಹೊತ್ತು ನೋಡಿದಳು. ಕೋಪವಿರಲಿಲ್ಲ. ತೂಕದ ಚೀಲ ಎತ್ತುವ ಮುಂಚೆ ಎಲ್ಲಿ ಹಿಡಿಯಬೇಕೆಂದು ನೋಡುತ್ತಾರಲ್ಲ, ಹಾಗೆ ನೋಡಿದಳು. ಆಮೇಲೆ "ಆತ್ರಿ" ಎಂದಷ್ಟೇ ಹೇಳಿ ಇಳಿದು ಹೋದಳು.

"ಒಂದು ಸೀಳು ಹಾಕಿಕೊಟ್ಟಿದ್ರೆ ನಿಮ್ಮ ಗಂಟೇನು ಹೋಗ್ತಿತ್ತು?" ಎಂದಳು ನನ್ನ ಹೆಂಡತಿ. ಅವಳು ಶಾಲೆಯಲ್ಲಿ ಗಣಿತ ಕಲಿಸುತ್ತಾಳೆ, ನನಗಿಂತ ಕಡಿಮೆ ಮಾತಾಡುತ್ತಾಳೆ. "ಅಲ್ಲೊಂದು ಜೀವ ಹೋಗ್ತಾ ಇದೆ, ಇಲ್ಲಿ ನಿಮ್ಮ ತರ್ಕ."

"ಇದು ತರ್ಕದ ಪ್ರಶ್ನೆಯಲ್ಲ, ಭಯ ಬಿಡಿಸೋ ಪ್ರಶ್ನೆ."

"ಯಾರ ಭಯ?" ಎಂದು ಕೇಳಿ ಅವಳು ಉತ್ತರಕ್ಕೆ ಕಾಯದೆ ಒಳಕೋಣೆಗೆ ಹೋದಳು.

ನಾನು ಬಾಲ್ಕನಿಗೂ ಅಡುಗೆಮನೆಗೂ ತಿರುಗಿದೆ. ಎಷ್ಟು ಹೊತ್ತೆಂದು ಹೇಳಲಾರೆ. ಒಮ್ಮೆ ಗಂಟೆ ಅನ್ನಿಸುತ್ತದೆ, ಒಮ್ಮೆ ಕಾಲು ಗಂಟೆ. ಜಿಟಿಜಿಟಿ ಮಳೆ. ಶೆಡ್ಡಿನ ಮಾಡಿನ ಮೇಲೆ ಕಾಯಿ ಇದ್ದ ಜಾಗ ಖಾಲಿಯಾಗಿ, ಎಲೆಗಳ ನಡುವೆ ಒಣ ತಗಡಿನ ಒಂದು ಗುಂಡನೆಯ ಗುರುತು ಕಾಣುತ್ತಿತ್ತು. ನೋಡನೋಡುತ್ತ ಅದೂ ತೊಯ್ದು ಮಾಯವಾಯಿತು. ಕೆಳಗೆ ನಮ್ಮ ಗೇಟಿನ ನಲ್ಲಿಯಲ್ಲಿ ನಮ್ಮ ಮುದಿ ವಾಚ್‌ಮನ್ ಕೈ ತೊಳೆದುಕೊಳ್ಳುತ್ತಿದ್ದ. ಇದು ಯಾಕೆ ನೆನಪಿದೆಯೋ ತಿಳಿಯದು. ಮಳೆಯಲ್ಲಿ ನಿಂತು ಕೈ ತೊಳೆಯುವುದೇಕೆ ಎಂದು ಅಂದುಕೊಂಡದ್ದಕ್ಕೇ ಇರಬೇಕು. ಆಮೇಲೆ ಆಕೆ ಹಳೆಯ ಸೀರೆಯಲ್ಲಿ ಬಿಗಿಯಾಗಿ ಗಂಟುಕಟ್ಟಿದ ಕಾಯಿಯನ್ನು ಸೊಂಟದ ಮೇಲೆ ಮಗುವಿನಂತೆ ಇಟ್ಟುಕೊಂಡು ರಸ್ತೆ ದಾಟಿ ಬಂದಳು.

ಅಡುಗೆಮನೆಯ ನೆಲದ ಮೇಲೆ ಕೂತಳು. ಕಾಯಿಯನ್ನು ಮೊಣಕಾಲುಗಳ ನಡುವೆ ಒತ್ತಿ ಹಿಡಿದು, ಗಂಟಿನ ಮೇಲ್ಭಾಗವನ್ನಷ್ಟೇ ಸಡಿಲಿಸಿದಳು. ಬಟ್ಟೆ ತೊಯ್ದಿತ್ತು. "ನೋಡ್ರಿ ಸರ್ರ, ಹಾಕ್ತೀನಿ ಮತ್ತ," ಅಂದಳು. ಕುಡಗೋಲನ್ನು ಹಣೆಗೆ ಮುಟ್ಟಿಸಿದಳು. ಮುಂದಿನದನ್ನು ಮೊದಲೇ ಹೇಳಿದ್ದೇನೆ.

"ನೋಡಿದ್ಯಾ?" ಅಂದೆ ನಾನು. "ಏನಾತು ಈಗ?"

"ಏನೂ ಆಗ್ಲಿಲ್ಲ ನೋಡ್ರಿ," ಅಂದಳು ಆಕೆ, ತಲೆಯೆತ್ತದೆ. "ನಿಮ್ಮ ಮಾತ ಖರೇ ಆತು."

ಆ ಕ್ಷಣದ ಸಂತೋಷವನ್ನು ಸುಳ್ಳು ಹೇಳದೆ ಬರೆಯಬೇಕೆಂದರೆ, ಯಾವ ಪದವಿ ಸಿಕ್ಕಾಗಲೂ ನನಗೆ ಅಷ್ಟು ಸಂತೋಷವಾಗಿರಲಿಲ್ಲ.

ಆಮೇಲಿನದೆಲ್ಲ ಹಬೆಯೊಳಗೆ ನಡೆದಂತಿದೆ. ಹೋಳುಗಳು ಬೆಂದವು. ಸಿಪ್ಪೆ ತೆಗೆದು ಹಿಸುಕಿದ್ದನ್ನು ತಟ್ಟೆಯಲ್ಲಿ ಹಾಕಿ ಆಕೆ ಕೆಳಗೆ ಒಯ್ದಳು. ನಾಯಿ ಮೂಸಿ ನೋಡಿ ಮುಖ ಆಚೆ ತಿರುಗಿಸಿತು. ಬೆರಳಿಗೆ ಹಚ್ಚಿ ತುಟಿಗೆ ಸವರಿದರೂ ಒಲ್ಲೆನೆಂದಿತು. ತಟ್ಟೆ ಹಿಡಿದು ವಾಪಸು ಬಂದ ಅವಳ ಮುಖ ನೋಡಲಾಗದೆ ನಾನು ಫೋನಿನಲ್ಲಿ ಹುಡುಕಿದೆ. ನಾಯಿಗಳಿಗೆ ಮನೆಯಲ್ಲೇ ಮಾಡುವ ಕುಂಬಳಕಾಯಿ ತಿನಿಸು ಎಂದು ನೂರು ಬಗೆ ಇದ್ದವು. ಗೋಧಿಹಿಟ್ಟು, ಮೊಟ್ಟೆ, ಕಡಲೆಕಾಯಿ ಬೆಣ್ಣೆ, ಮೂಳೆಯ ಆಕಾರದ ಅಚ್ಚು, ಓವನ್ನು. ಉಪ್ಪು, ಬೆಲ್ಲ, ಈರುಳ್ಳಿ, ಬೆಳ್ಳುಳ್ಳಿ ಯಾವುದೂ ಬೇಡ. ನಾನು ಹುರುಪಿನಿಂದ ಕಲಸಿದೆ. ಅಚ್ಚಿಲ್ಲದ್ದಕ್ಕೆ ಚಾಕುವಿನಿಂದ ಮೂಳೆ ಕತ್ತರಿಸಿದೆ. ನಮ್ಮ ಓವನ್ನಿಗೆ ಒಂದು ಪಕ್ಕ ಮಾತ್ರ ಕಾಯುವ ರೋಗ. ಅರ್ಧ ಗಂಟೆಯ ಮೇಲೆ ಹೊರಬಂದ ಮೂಳೆಗಳು ಒಂದು ತುದಿ ಇದ್ದಿಲು, ಇನ್ನೊಂದು ತುದಿ ಹಸಿ.

ಆಕೆ ಒಂದನ್ನು ಎತ್ತಿ ನೆಲಕ್ಕೆ ಕುಟ್ಟಿ ನೋಡಿದಳು. "ಸರ್ರ, ಇದನ್ನ ಪಾಯಕ್ಕ ಹಾಕಾಕ ಬರ್ತೈತ್ರಿ," ಅಂದಳು. ನನ್ನ ಹೆಂಡತಿ ಬಾಗಿಲಿಗೆ ಒರಗಿ, ಬಾಯಿಗೆ ಸೆರಗು ಒತ್ತಿಕೊಂಡಳು.

"ಉಪ್ಪು ಹಾಕಬಾರದು ಅಂತ ಬರೆದಿದೆ, ಅದಕ್ಕೇ ರುಚಿ ಇಲ್ಲ," ಅಂದೆ.

"ರೊಟ್ಟಿಗಿ ಉಪ್ಪು ಯಾರ್ ಹಾಕ್ತಾರ್ರಿ?" ಎಂದಳು ಆಕೆ. ಹಾಗೆ ಹೇಳುತ್ತಲೇ ಅವಳಿಗೇ ಏನೋ ಹೊಳೆಯಿತು. ಆಮೇಲೆ ಎದ್ದು ಶೆಡ್ಡಿಗೆ ಹೋಗಿ ಜೋಳದ ಹಿಟ್ಟಿನ ಡಬ್ಬಿ ತಂದಳು. ಆ ನಾಯಿ ಮೂರು ಸೈಟುಗಳಲ್ಲಿ ತಿಂದು ಬೆಳೆದದ್ದು ಅವಳ ಖಡಕ್ ರೊಟ್ಟಿಯ ಚೂರುಗಳನ್ನು. ಅದಕ್ಕೆ ಮೆತ್ತಗಿರುವುದು ತಿನಿಸೆಂದೇ ಗೊತ್ತಿರಲಿಲ್ಲ.

ರೊಟ್ಟಿಗೆ ಹಿಟ್ಟು ನಾದಲು ಕುದಿಯುವ ನೀರು ಬೇಕು. ಆಕೆ ನೀರು ಮುಟ್ಟಲಿಲ್ಲ. ಹಿಸುಕಿದ ಕುಂಬಳವನ್ನೇ ಮತ್ತೆ ಬಿಸಿ ಮಾಡಿ ಹಿಟ್ಟಿನ ಗುಂಡಿಗೆ ಸುರಿದು, ಕೈ ಸುಟ್ಟರೂ ಬಿಡದೆ ನಾದಿದಳು. ಕೇಸರಿ ಉಂಡೆಯೊಂದು ಅವಳ ಅಂಗೈ ಕೆಳಗೆ ಮೆಲ್ಲಗೆ ಹುಟ್ಟಿತು. ಒಣಹಿಟ್ಟು ಉದುರಿಸಿ ಬಡಿಯತೊಡಗಿದಳು. ಪಟ್ ಪಟ್ ಪಟ್. ಈ ಸದ್ದು ಮಾತ್ರ ನನಗೆ ಸ್ಪಷ್ಟವಾಗಿ ನೆನಪಿದೆ. ಬಡಿಯುತ್ತ ಬಡಿಯುತ್ತ ಉಂಡೆ ತಿರುಗುತ್ತಿತ್ತು, ತಿರುಗುತ್ತ ಅಗಲವಾಗುತ್ತಿತ್ತು, ಹೊರಗೆ ಮಳೆ ಅದೇ ತಾಳದಲ್ಲಿ ಬೀಳುತ್ತಿತ್ತು. ಕರಡಿನ ಹಾಳೆ ಕೈಯಲ್ಲಿದ್ದೂ ನಾನು ಒಂದೇ ಕಡೆ ನಿಂತಿದ್ದೆ. ಬಹುಶಃ ಅರ್ಧ ಗಂಟೆ. ನನ್ನ ಮಟ್ಟಿಗೆ ಅದು ದೊಡ್ಡ ಸಂಗತಿ.

ಹಂಚಿನ ಮೇಲೆ ಹಾಕಿ, ಒದ್ದೆ ಬಟ್ಟೆಯಿಂದ ಸವರಿ, ಮಗುಚಿ, ಸಣ್ಣ ಸೀಸೆಯ ಮುಚ್ಚಳದಿಂದ ರೂಪಾಯಿಯಗಲದ ಬಿಲ್ಲೆಗಳಾಗಿ ಒತ್ತಿದಳು. ಆಮೇಲೆ ಸಣ್ಣ ಉರಿಯಲ್ಲಿ, ಬಟ್ಟೆಯ ಉಂಡೆಯಿಂದ ಒತ್ತಿ ಒತ್ತಿ ಪಸೆ ಹೋಗಿಸಿದಳು. ಬಿಲ್ಲೆಗಳು ಖಡಕ್ ಆದವು. ಮನೆಯೆಲ್ಲ ಸುಟ್ಟ ಜೋಳದ ವಾಸನೆ, ಅದರ ಹಿಂದೆ ಬೆಂದ ಕುಂಬಳದ ಸಿಹಿ. ಒಂದನ್ನು ನಾನು ತಿಂದು ನೋಡಿದೆ.

"ಹೆಂಗೈತ್ರಿ?"

"ಚೆನ್ನಾಗಿದೆ."

"ಹಂಗಾದ್ರ ನಾಯೀನೂ ತಿಂತೈತಿ ಬಿಡ್ರಿ," ಅಂದಳು.

ತಿಂದಿತು. ಮೊದಲ ಬಿಲ್ಲೆಯನ್ನು ಅದರ ಮೂಗಿನ ಮುಂದೆ ಮುರಿದಾಗ ಆದ 'ಟಕ್' ಎಂಬ ಸದ್ದಿಗೆ ಮಡಚಿದ ಕಿವಿ ಅಲುಗಿತು. ಮಲಗಿದಲ್ಲಿಂದಲೇ ನಾಲಿಗೆ ಚಾಚಿ ಚೂರನ್ನು ಒಳಗೆಳೆದುಕೊಂಡಿತು. ಅಗಿಯಲು ಬಹಳ ಹೊತ್ತು ತೆಗೆದುಕೊಂಡಿತು. ನಾವು ಮೂವರೂ ಮಳೆಯಲ್ಲಿ ಕೂತು ಒಂದು ನಾಯಿ ಅಗಿಯುವುದನ್ನು ನೋಡಿದೆವು. ಮರುದಿನ ಬಿಲ್ಲೆಯ ಹೊಟ್ಟೆಯಲ್ಲಿ ಮಾತ್ರೆ ಹುದುಗಿಸಿ ಒಣಗಿಸುವ ಉಪಾಯ ಆಕೆಯೇ ಕಂಡುಹಿಡಿದಳು. ಶೆಡ್ಡಿನ ಸೆಕೆಯಲ್ಲಿ ಬೆಂದ ಕುಂಬಳ ಸಂಜೆಯೊಳಗೆ ಹಳಸುತ್ತಿತ್ತು, ಬಿಲ್ಲೆ ವಾರವಿದ್ದರೂ ಕೆಡಲಿಲ್ಲ. ಮೂರನೇ ದಿನ ನಾಯಿ ಎದ್ದು ನಾಲ್ಕು ಹೆಜ್ಜೆ ಇಟ್ಟು ಮತ್ತೆ ಕೂತಿತು. ಐದನೇ ದಿನ ನಮ್ಮ ಗೇಟಿನವರೆಗೆ ಬಂತು.

ಲಾರಿ ಬಂದದ್ದು ಒಂದು ಮಂಜು ಕವಿದ ಮುಂಜಾನೆ. ಸಾಮಾನೆಲ್ಲ ಏರಿತು, ತಗಡುಗಳು ಏರಿದವು, ಬಳ್ಳಿ ಆಸರೆಯಿಲ್ಲದೆ ನೆಲಕ್ಕೆ ಬಿದ್ದಿತು. ಸಿಮೆಂಟು ಚೀಲ ಏರಿಸುವ ಹಲಗೆಯನ್ನು ಲಾರಿಗೆ ಒರಗಿಸಿದ್ದರು. ಆಕೆ ಮೇಲೆ ನಿಂತು ಒಂದು ಬಿಲ್ಲೆ ಮುರಿದಳು. ಮೇಸ್ತ್ರಿ ಕೈ ಕಟ್ಟಿ ನೋಡುತ್ತಿದ್ದ. ನಾಯಿ ಹಲಗೆಯ ಬುಡದಲ್ಲಿ ನಿಂತು, ಮೇಲೆ ನೋಡಿ, ಒಂದೊಂದೇ ಕಾಲು ಇಡುತ್ತ, ನಡುವೆ ಒಮ್ಮೆ ನಡುಗಿ ನಿಂತು, ಮತ್ತೆ ಹತ್ತಿತು. "ಎಕ್ಕಿಂದಿ!" ಎಂದು ಮೇಸ್ತ್ರಿಯೇ ಎಲ್ಲರಿಗಿಂತ ಮೊದಲು ಕೂಗಿದ, ಹತ್ತಿತು ಹತ್ತಿತು ಎಂದು. ಆಕೆ ಮೇಲಿನಿಂದ ನನ್ನ ಹೆಂಡತಿಗೆ ಕೈ ಮಾಡಿ, "ಬರ್ತೀವ್ರೀ ಅಕ್ಕಾರ," ಅಂದಳು. ನನ್ನ ಕಡೆ ನೋಡಿ ಮಾತ್ರ ಏನೋ ಹೇಳಲು ಹೋಗಿ ನಕ್ಕಳು. ಆ ನಗುವನ್ನು ನಾನು ಬಹಳ ಕಾಲ ಕೃತಜ್ಞತೆ ಎಂದು ತಿಳಿದಿದ್ದೆ.

ಅಲ್ಲಿಂದ ಮುಂದೆ ನಾನು ಈ ಕಥೆ ಹೇಳತೊಡಗಿದೆ. ಹಳೆಯ ಸಹಪಾಠಿಗಳು ಸೇರಿದಾಗ, ಊಟಕ್ಕೆ ಯಾರಾದರೂ ಬಂದಾಗ, ರೈಲಿನಲ್ಲಿ ಎದುರು ಕೂತವರಿಗೆ. ಮೂಢನಂಬಿಕೆ ಹೇಗೆ ಬಿಡಿಸಬೇಕು ಎಂಬುದಕ್ಕೆ ಉದಾಹರಣೆಯಾಗಿ. ಒಬ್ಬ ತಾಯಿ ತನ್ನ ಕೈಯಾರೆ ಕಾಯಿ ಕೊಯ್ದಳು, ಮಗನಿಗೆ ಏನೂ ಆಗಲಿಲ್ಲ, ನಾಯಿ ಬದುಕಿತು. ಕೇಳಿದವರು ತಲೆದೂಗುತ್ತಿದ್ದರು. ನನ್ನ ಹೆಂಡತಿ ಮಾತ್ರ ಆ ಹೊತ್ತಿಗೆ ಸರಿಯಾಗಿ ಒಳಗೆ ಏನಾದರೂ ಕೆಲಸ ಹುಡುಕಿಕೊಳ್ಳುತ್ತಿದ್ದಳು.

ಕಳೆದ ಬೇಸಿಗೆಯಲ್ಲಿ, ಅತಿಥಿಗಳು ಹೋದ ಮೇಲೆ ತಟ್ಟೆ ಎತ್ತುತ್ತ ಅವಳು ಕೇಳಿದಳು: "ಬೆಳಕು ಹೇಳ್ತೀರಿ, ಬಣ್ಣ ಹೇಳ್ತೀರಿ, ಬಟ್ಟೆ ತೊಯ್ದಿತ್ತು ಅಂತಲೂ ಹೇಳ್ತೀರಿ. ಕಾಯಿ ಒಡೆದಾಗ ಸದ್ದು ಹೇಗಿತ್ತು ಅಂತ ಒಂದು ಸಲವೂ ಹೇಳಲ್ವಲ್ಲ?"

"ಸದ್ದು ಇರಲಿಲ್ಲ," ಅಂದೆ.

"ಹೌದಾ?" ಎಂದು ಅವಳು ನಲ್ಲಿ ತಿರುಗಿಸಿದಳು.

"ನಿನಗೇನಾದರೂ ಗೊತ್ತಾ?"

"ನಾನು ಆಗ ಒಳಗಿದ್ದೆ. ನಿಮಗೆ ಕಥೆ ಚೆನ್ನಾಗಿದೆಯಲ್ಲ, ಇಟ್ಕೊಳ್ಳಿ."

ನನ್ನ ನಿದ್ದೆ ಕೆಟ್ಟದ್ದು ಅಲ್ಲಿಂದ. ಮಿಯಾಪುರಕ್ಕೆ ಮೆಟ್ರೋ ಹಿಡಿದು ಹೋದೆ. ಕೊನೆಯ ನಿಲ್ದಾಣದಲ್ಲಿ ಇಳಿದು ಒಂದು ಇಡೀ ದಿನ ಅಲೆದೆ. ಎಲ್ಲಿ ನೋಡಿದರೂ ಮುಗಿದ ಕಟ್ಟಡಗಳು, ಬಾಲ್ಕನಿಗಳಲ್ಲಿ ಒಣಗುವ ಬಟ್ಟೆಗಳು, ಎತ್ತರದಲ್ಲಿ ಯಾರದೋ ಮನೆಯ ಗಾಳಿಗಂಟೆ. ತಗಡಿನ ಶೆಡ್ಡು ಎಲ್ಲಿತ್ತೆಂದು ಆ ಗೇಟುಗಳಲ್ಲಿ ಯಾರಿಗೆ ಗೊತ್ತಿರುತ್ತದೆ? ನೆರಳಲ್ಲಿ ಮಲಗಿದ ಪ್ರತಿ ಕಂದು ನಾಯಿಯ ಕಿವಿ ನೋಡಿದೆ. ಒಂದು ಎದ್ದು ಬಾಲ ಆಡಿಸಿತು. ಅದರ ಎರಡು ಕಿವಿಗಳೂ ನೆಟ್ಟಗಿದ್ದವು. ನಮ್ಮ ಮುದಿ ವಾಚ್‌ಮನ್ ಅದಕ್ಕೂ ಮುಂಚೆಯೇ ಕೆಲಸ ಬಿಟ್ಟು ನಲ್ಗೊಂಡದ ಮಗಳ ಮನೆ ಸೇರಿದ್ದ. ಕೇಳಲು ಯಾರೂ ಉಳಿದಿರಲಿಲ್ಲ.

ಯಾರೂ ಇಲ್ಲವೆಂದರೆ ಪೂರ್ತಿ ನಿಜವಲ್ಲ. ಕುಂಬಳಕಾಯಿ ಇತ್ತು.

ಮರುದಿನ ತಾರ್ನಾಕದ ತರಕಾರಿ ಗಾಡಿಯವನಿಂದ ಅದೇ ಗಾತ್ರದ, ಅದೇ ಮಣ್ಣುಬಣ್ಣದ ಇಡೀ ಕಾಯಿ ತಂದೆ. ಅರ್ಧ ಕೊಯ್ದು ಕೊಡಲೇ ಎಂದು ಅವನು ಎರಡು ಸಲ ಕೇಳಿದ. ಬೇಡವೆಂದೆ. ಅಡುಗೆಮನೆಯ ನೆಲದ ಮೇಲೆ, ಅವಳು ಕೂತಿದ್ದ ಜಾಗದಲ್ಲೇ ಕೂತೆ. ಒದ್ದೆ ಬಟ್ಟೆ ಸುತ್ತಿ, ಮೊಣಕಾಲುಗಳ ನಡುವೆ ಒತ್ತಿ ಹಿಡಿದೆ. ಐವತ್ತು ದಾಟಿದ ಈ ವಯಸ್ಸಿನವರೆಗೆ ನಾನು ಒಂದು ಇಡೀ ಕುಂಬಳಕಾಯಿಯನ್ನೂ ಕೊಯ್ದಿರಲಿಲ್ಲ ಎಂಬುದು ಆಗಷ್ಟೇ ಹೊಳೆಯಿತು. ಗಂಡಸರೇ ಮೊದಲು ಕೊಯ್ಯಬೇಕೆಂಬ ಮನೆಯಲ್ಲಿ ಹುಟ್ಟಿ, ಆಕೆಯೇ ಕೊಯ್ಯಲೆಂದು ಹಟ ಹಿಡಿದವನು.

ಮೊದಲ ಏಟಿಗೆ ಕತ್ತಿ ಎರಡು ಬೆರಳು ಇಳಿದು ಸಿಕ್ಕಿಹಾಕಿಕೊಂಡಿತು. ಹಿಂದಕ್ಕೂ ಬರಲಿಲ್ಲ, ಮುಂದಕ್ಕೂ ಹೋಗಲಿಲ್ಲ. ಕಾಯಿಯನ್ನೂ ಕತ್ತಿಯನ್ನೂ ಒಟ್ಟಿಗೆ ಎತ್ತಿ ನೆಲಕ್ಕೆ ಕುಟ್ಟಿದೆ. ಎರಡನೇ ಸಲ ಕುಟ್ಟಿದಾಗ ಅದು ಒಣಗಿದ ಹಲಗೆ ಮುರಿದಂತೆ ಚಟಾರನೆ ಸೀಳಿತು. ಪಾತ್ರೆ ಗೂಡಿನಲ್ಲಿದ್ದ ಚಮಚಗಳು ಅಲುಗಿದವು. ಬೀಜಗಳು ಗೋಡೆಗೆ ಸಿಡಿದವು.

ಒಳಗಿನ ಕೋಣೆಯಿಂದ ನನ್ನ ಹೆಂಡತಿ, "ಅಂತೂ ಕೇಳಿಸ್ತಲ್ಲ," ಅಂದಳು.

ಮಳೆಯಲ್ಲಿ ನಲ್ಲಿಯ ಕೆಳಗೆ ಕೈ ತೊಳೆಯುತ್ತಿದ್ದ ಮುದುಕ, ಅಷ್ಟು ಬಿಗಿಯಾದ ಗಂಟು, ಮೇಲಷ್ಟೇ ಸಡಿಲಿಸಿದ ಬಟ್ಟೆ, ತಲೆಯೆತ್ತದೆ ಹೇಳಿದ ಆ ಮಾತು, ಲಾರಿಯ ಮೇಲಿನ ನಗು ಎಲ್ಲವೂ ಒಂದೊಂದಾಗಿ ಬಂದು ಅಡುಗೆಮನೆಯ ನೆಲದ ಮೇಲೆ ನನ್ನ ಸುತ್ತ ಕೂತವು. ಆಕೆಗೆ ಮಗನೂ ಬೇಕಾಗಿದ್ದ, ನಾಯಿಯೂ ಬೇಕಾಗಿತ್ತು. ನಡುವೆ ನನ್ನ ಗ್ಯಾಸಿನ ಒಲೆ ಇತ್ತು, ಒಲೆಯ ಮುಂದೆ ನಾನಿದ್ದೆ. ಮೊದಲ ಸೀಳು ಕೆಳಗೇ, ಆ ಮುದುಕನ ಕೈಯಲ್ಲಿ ಬಿದ್ದಿರಬೇಕು. ಆದರೂ ಇದೆಲ್ಲ ನನ್ನ ಊಹೆ. ಮುದುಕ ಮೀನು ಮುಟ್ಟಿ ಕೈ ತೊಳೆದಿರಬಹುದು. ಆಕೆ ಸುಮ್ಮನೆ ನಕ್ಕಿರಬಹುದು. ನನ್ನ ನೆನಪು ಹಿಂದೆ ನನ್ನ ಗೆಲುವನ್ನು ಕಟ್ಟಿದ ಹಾಗೆಯೇ ಈಗ ನನ್ನ ಸೋಲನ್ನು ಅಚ್ಚುಕಟ್ಟಾಗಿ ಕಟ್ಟುತ್ತಿರಬಹುದು.

ಅದಕ್ಕೇ ಸಂಜೆ ಮತ್ತೆ ಗಾಡಿಯವನ ಹತ್ತಿರ ಹೋಗಿ ಇನ್ನೊಂದು ಕಾಯಿ ತಂದೆ. ಕತ್ತಿಯನ್ನು ಕಲ್ಲಿಗೆ ಮಸೆದು, ಬಟ್ಟೆಯನ್ನು ಎರಡು ಸುತ್ತು ಹೆಚ್ಚಿಗೆ ಸುತ್ತಿ, ಆದಷ್ಟು ಮೆಲ್ಲಗೆ ಕೊಯ್ದು ನೋಡಿದೆ. ಅದೂ ಚಟಾರೆಂದಿತು. ಪರೀಕ್ಷಿಸಿ ಖಚಿತಪಡಿಸಿಕೊಂಡದ್ದು ಇದೊಂದೇ: ಇಡೀ ಕುಂಬಳಕಾಯಿ ಮೊದಲ ಸಲ ಒಡೆಯುವಾಗ ಸದ್ದಾಗುತ್ತದೆ, ಪಕ್ಕದ ಕೋಣೆಗೂ ಕೇಳಿಸುವಷ್ಟು.